ಗಾಳಿ ಬಟ್ಟಲಿನ ಎಣ್ಣೆ

ಬಿಸಿಯಾದ ಎಣ್ಣೆ, ಪೆಟ್ರೋಲು, ಹಳೆಯ ರಬ್ಬರು ಮೂರೂ ಸೇರಿ ಒಂದು ವಾಸನೆಯಾಗುತ್ತದೆ. ಅದಕ್ಕೆ ಬೇರೆ ಹೆಸರಿದೆಯೋ ಇಲ್ಲವೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದನ್ನು ಚಿಕ್ಕಪ್ಪನ ವಾಸನೆ ಅನ್ನುತ್ತಿದ್ದೆವು. ಕಳೆದ ಮಾಘದಲ್ಲಿ ಶ್ರೀರಂಗಪಟ್ಟಣದ ಹೊಳೆಯ ಪಕ್ಕದ ಛತ್ರವೊಂದರಲ್ಲಿ ಗೆಳತಿಯ ಮಗಳ ಮದುವೆ ಊಟ ಮುಗಿಸಿ ಹೊರಗೆ ಬಂದರೆ, ಗೇಟಿನ ಬಳಿ ಆ ವಾಸನೆ ನನಗಾಗಿ ಕಾದಿರುವಂತೆ ನಿಂತಿತ್ತು. ತಲೆಯೆತ್ತಿ ನೋಡಿದೆ. ಸೇವಂತಿಗೆ ಹಾರ ಹಾಕಿಸಿಕೊಂಡ ಹಳೆಯ ಕಾಲದ ಕಾರು. ಗುಂಡು ಮೂತಿ, ಉಬ್ಬಿದ ಕೆನ್ನೆ. ಬಾನೆಟ್ಟು ಎತ್ತಿತ್ತು. ಇಪ್ಪತ್ತೈದರ ಆಸುಪಾಸಿನ ಮೆಕ್ಯಾನಿಕ್ಕೊಬ್ಬ, ಇಂಜಿನ್ನು ಗಾಳಿಯನ್ನು ಒಳಗೆಳೆದುಕೊಳ್ಳುವ ಬಾಯಿಯ ಸುತ್ತ ಬಟ್ಟೆಯಿಂದ ಒರೆಸುತ್ತಿದ್ದ. ಬಟ್ಟೆಯ ತುಂಬ ಜಿಡ್ಡು. ಜೊತೆಗೆ ಬಂದವರು ಬಸ್ಸಿಗೆ ಹೊತ್ತಾಯಿತೆಂದು ಕರೆಯುತ್ತಿದ್ದರು; ನಾನು ಕಾರಿನ ಹತ್ತಿರ ಹೋದೆ. ಅಂಥದ್ದೇ ಜಿಡ್ಡು, ಅದೇ ಜಾಗದಲ್ಲಿ, ಸುಮಾರು ಮೂವತ್ತು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪನ ಕೈಯಿಂದ ಸ್ಪ್ಯಾನರು ಬಿಡಿಸಿತ್ತು. ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ತಪ್ಪಿಸಿತ್ತು. ಆ ಎಣ್ಣೆ ಎಲ್ಲಿಂದ ಬಂದಿತ್ತು ಎನ್ನುವುದನ್ನು ಆಗ ಸರಿಯಾಗಿ ಹೇಳಿದವರಿಲ್ಲ. ಈಗ ನಾನು ಹೇಳಬಲ್ಲೆನೇನೋ ಎಂದು ಅನುಮಾನ. ಬಲ್ಲೆನೆಂದರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ನಮ್ಮ ಮನೆ ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ರಸ್ತೆಯ ಬದಿಗಿತ್ತು. ಮುಂದೆ ಅಗಲವಾದ ಅಂಗಳ, ಅಂಗಳದ ಮೂಲೆಯಲ್ಲಿ ಹೊಂಗೆಮರ, ಮರದ ಕೆಳಗೆ ಹೆಂಚು ಹೊದಿಸಿದ ಶೆಡ್ಡು. ಕಬ್ಬು ಅರೆಯುವ ತಿಂಗಳುಗಳಲ್ಲಿ ಆಲೆಮನೆಗಳ ಹೊಗೆ ಬೆಲ್ಲದ ಕಮಟನ್ನು ಹೊತ್ತು ಬಂದು ಆ ಶೆಡ್ಡಿನೊಳಗೆ ಕೂರುತ್ತಿತ್ತು. ಶೆಡ್ಡಿನಲ್ಲಿದ್ದದ್ದು ತಾತ ಮೈಸೂರಿನ ಒಬ್ಬ ವಕೀಲರಿಂದ ತಂದಿದ್ದ ವಿಲಾಯತಿ ಕಾರು. ಕೆನೆಬಣ್ಣ. ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದಂಥ ಗಂಭೀರ ಸದ್ದು. ಅದನ್ನು ಎಲ್ಲರೂ ‘ದೊರೆಸಾನಿ’ ಎಂದೇ ಕರೆಯುತ್ತಿದ್ದರು. ತಾತನ ನಂತರ ಅಪ್ಪ ಅದನ್ನು ಮದುವೆ ಕಾರು ಮಾಡಿದ. ಕೆ.ಆರ್. ಪೇಟೆ, ನಾಗಮಂಗಲ, ಈ ಕಡೆ ಕಿರಂಗೂರಿನವರೆಗೆ ಯಾವ ಊರಿನಲ್ಲಿ ಹೆಣ್ಣು ಕರೆತರಬೇಕಾದರೂ ದೊರೆಸಾನಿಯೇ ಬರಬೇಕೆಂದು ಜನ ಕೇಳುತ್ತಿದ್ದರು. ಓಡಿಸುವವನು ಅಪ್ಪ, ಓಡುವಂತೆ ಇಟ್ಟುಕೊಂಡಿದ್ದವನು ಅವನ ತಮ್ಮ, ನಮ್ಮ ಚಿಕ್ಕಪ್ಪ ನಿಂಗರಾಜು. ಮದುವೆಯಿಲ್ಲ, ಮಕ್ಕಳಿಲ್ಲ. ಅಪ್ಪ ಸ್ಟೇರಿಂಗು ಹಿಡಿಯುವ ಮುಂಚೆ ತಮ್ಮನ ಮುಖ ನೋಡುತ್ತಿದ್ದ. ಚಿಕ್ಕಪ್ಪ ತಲೆಯಾಡಿಸಿದ ಮೇಲೇ ಕಾರು ಅಂಗಳ ದಾಟುತ್ತಿದ್ದದ್ದು. ಇಷ್ಟನ್ನು ನಾನು ಖಚಿತವಾಗಿ ಬರೆಯಬಲ್ಲೆ. ಇನ್ನು ಮುಂದಿನದರ ಬಗ್ಗೆ ಅಷ್ಟು ಧೈರ್ಯವಿಲ್ಲ.

ಚಿಕ್ಕಪ್ಪನ ಹೆಸರು ಇದ್ದದ್ದು ಬಿಚ್ಚುವುದರಲ್ಲಿ ಅಲ್ಲ, ಬಿಚ್ಚದೆ ಹೇಳುವುದರಲ್ಲಿ. ಟ್ರಾಕ್ಟರು, ಪಂಪ್‌ಸೆಟ್ಟು, ಮೋಟಾರ್‌ಬೈಕು ಏನೇ ಬರಲಿ, ಮೊದಲು ಒಂದು ಬೀಡಿ ಹಚ್ಚಿ ದೂರ ನಿಂತು ಕೇಳುತ್ತಿದ್ದ. ಆಮೇಲೆ ಮುಟ್ಟಿ ನೋಡುತ್ತಿದ್ದ, ಎಣ್ಣೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ಮೂಸುತ್ತಿದ್ದ. “ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ಚತಾರೆ ಕಣವ್ವ. ಬಿಚ್ಚದೆ ಯೋಳಬೇಕು. ಇಂಜಿನ್ನೇನು ಬಟಾಣಿ ಕಾಯಾ, ಸುಲಿದು ನೋಡಾಕೆ?” ಎನ್ನುತ್ತಿದ್ದ. ನಾನು ಆಗ ಐದನೆಯ ತರಗತಿ. ಶಾಲೆಯಿಂದ ಬಂದವಳೇ ಶೆಡ್ಡಿನ ಜಗಲಿಯ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತಿದ್ದೆ. ಎಣ್ಣೆಯನ್ನು ಪರೀಕ್ಷಿಸಲು ಅವನಿಗೆ ಬಿಳಿ ಕಾಗದ ಬೇಕಾಗುತ್ತಿತ್ತು. “ಒಂದಾಳೆ ಕೊಡವ್ವ ಮೇಡಮ್ಮು” ಎಂದು ನನ್ನ ಪುಸ್ತಕದ ಹಾಳೆ ಕೇಳುತ್ತಿದ್ದ. ಹರಿದು ಕೊಡಲು ನಾನು ಒಪ್ಪುತ್ತಿರಲಿಲ್ಲ. ಹಾಗಾಗಿ ಪುಸ್ತಕ ಚಾಚಿ ಹಿಡಿಯುತ್ತಿದ್ದೆ, ಅವನು ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದ. ಜೇನಿನ ಬಣ್ಣ ಹರಡಿಕೊಂಡರೆ ಎಣ್ಣೆ ಹೊಸದು, ಹೊರಗಿನದು. ಮಸಿಯಂತೆ ಕಪ್ಪಗೆ ಬಿದ್ದರೆ ಅದು ಇಂಜಿನ್ನಿನ ಒಳಗೆ ಬೆಂದು ಬಂದದ್ದು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಎಲ್ಲರ ಮನೆಯಲ್ಲೂ ಆಯುಧಪೂಜೆಗೆ ಗಾಡಿ ತೊಳೆದು ಕುಂಕುಮ ಇಟ್ಟು ಕುಂಬಳಕಾಯಿ ಒಡೆಯುತ್ತಾರೆ. ನಮ್ಮಲ್ಲಿ ಅದಕ್ಕೆ ಮುಂಚೆ ‘ಎಣ್ಣೆ ಕೊಡುವುದು’ ಎಂದಿತ್ತು. ಮನೆಯಲ್ಲಿ ಉರುಳುವ, ತಿರುಗುವ ವಸ್ತುಗಳಿಗೆಲ್ಲ ಅವತ್ತು ಮನೆಯ ಹೆಣ್ಣುಮಗು ತನ್ನ ಕೈಯಿಂದ ಎಣ್ಣೆ ಹಾಕಬೇಕು. ಗಾಡಿಯ ಗಾಲಿ, ಬಾವಿಯ ರಾಟೆ, ಬಾಗಿಲ ತಿರುಗಣಿ, ಅವ್ವನ ಹೊಲಿಗೆ ಮಿಷನ್ನು. ತಾತನ ಕಾಲದಲ್ಲಿ ಹರಳೆಣ್ಣೆ. ನನ್ನ ಕಾಲಕ್ಕೆ ಚಿಕ್ಕಪ್ಪ ಕಾರಿನಿಂದ ಇಳಿಸಿದ ಹಳೆಯ ಕಪ್ಪು ಎಣ್ಣೆ. ಹೊಲಿಗೆ ಮಿಷನ್ನಿಗೆ ಮಾತ್ರ ಬೇರೆ. ಅಜ್ಜಿ ಹಿತ್ತಾಳೆ ಗಿಂಡಿಯಲ್ಲಿ ಆ ಕಪ್ಪು ಎಣ್ಣೆ ತುಂಬಿ ಕೈಗೆ ಕೊಟ್ಟು, ಹಿಂದೆ ಹಿಂದೆ ಬರುತ್ತಿದ್ದಳು. “ಕೈ ಬಿಗಿ ಮಾಡಬ್ಯಾಡ ಕಣೆ, ದೀಪಕ್ಕೆ ಹುಯ್ಯೋ ಅಂಗೆ ಹುಯ್ಯಿ, ಕಂಠಮಟ್ಟ” ಎನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಕೊರತೆಯಾಗಿ ಹಾಕಿದರೆ ಮನೆಗೆ ಕೊರತೆ. ಕಾರಿನಲ್ಲಿ ಎಣ್ಣೆ ಹಾಕುವ ಜಾಗ ಯಾವುದೆಂದು ಚಿಕ್ಕಪ್ಪನೇ ಹಿಂದಿನ ವರ್ಷ ತೋರಿಸಿಕೊಟ್ಟಿದ್ದ. ಇಂಜಿನ್ನಿನ ತಲೆಯ ಮೇಲೆ ಅಣಬೆಯಂತೆ ಕೂತ ಕಪ್ಪು ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಒಂದು ಬಟ್ಟಲು, ಬಟ್ಟಲಲ್ಲಿ ಎಣ್ಣೆ. ಇಂಜಿನ್ನು ಕುಡಿಯುವ ಗಾಳಿ ಮೊದಲು ಈ ಎಣ್ಣೆಯ ಮೇಲೆ ಹಾದು, ತನ್ನ ದೂಳನ್ನು ಅಲ್ಲಿ ಬಿಟ್ಟು ಒಳಗೆ ಹೋಗುತ್ತದೆ. ಚಿಕ್ಕಪ್ಪ ಅದನ್ನು ಗಾಳಿ ಬಟ್ಟಲು ಎನ್ನುತ್ತಿದ್ದ. ಬಟ್ಟಲಿನ ಒಳಮೈಯಲ್ಲಿ ಒಂದು ಗೆರೆ ಕೊರೆದಿತ್ತು. “ಈ ಗೆರೆ ದಾಟ್ಬಾರ್ದು” ಎಂದು ಅವನು ಹೇಳಿದ್ದನೇ? ಹೇಳಿಯೇ ಇರುತ್ತಾನೆ. ಹೇಳಿದ್ದು ಮಾತ್ರ ನನಗೆ ನೆನಪಿಲ್ಲ.

ಆ ವರ್ಷದ ಪೂಜೆಯ ದಿನ ಬೆಳಿಗ್ಗೆ ಚಿಕ್ಕಪ್ಪ ಕಾರಿನ ಎಣ್ಣೆ ಬದಲಾಯಿಸಿ, ಗಾಳಿ ಬಟ್ಟಲು ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ಹಾಕಿ, ಕಾರಿನ ಪಾಲಿನದು ಅಲ್ಲಿಗೆ ಮುಗಿಯಿತೆಂದುಕೊಂಡನೇನೋ, ನಾಲೆಗೆ ಸ್ನಾನಕ್ಕೆ ಹೋದ. ಎಣ್ಣೆ ಕೊಡುವ ಹೊತ್ತಿಗೆ ಅವನು ಇನ್ನೂ ಬಂದಿರಲಿಲ್ಲ. ಈಗ ನನ್ನ ಕಣ್ಣ ಮುಂದೆ ಒಂದು ಚಿತ್ರವಿದೆ. ಹಸಿರು ಲಂಗದ ಹುಡುಗಿಯೊಬ್ಬಳು ಮುಕ್ಕಾಲಿಯ ಮೇಲೆ ನಿಂತು, ಎರಡು ಜಡೆಗಳು ಮುಂದಕ್ಕೆ ಜಾರಿರಲು, ಗಿಂಡಿಯಲ್ಲಿ ಉಳಿದ ಕಪ್ಪು ಎಣ್ಣೆಯನ್ನೆಲ್ಲ ಆ ಬಟ್ಟಲಿಗೆ ಬಗ್ಗಿಸುತ್ತಿದ್ದಾಳೆ. ಎಣ್ಣೆ ಅಂಚಿಗೆ ಬಂದು ಉಬ್ಬಿ ನಿಂತಿದೆ, ಚೆಲ್ಲುವುದಿಲ್ಲ. ಅಜ್ಜಿ ಹಿಂದಿನಿಂದ “ಸಾಕು ಬುಡು, ತುಂಬ್ತು” ಎನ್ನುತ್ತಾಳೆ. ಎಷ್ಟು ಸ್ಪಷ್ಟವಾಗಿದೆಯೆಂದರೆ ಅದಕ್ಕೇ ನನಗೆ ಭಯ. ಏಕೆಂದರೆ ಆ ಹುಡುಗಿಯ ಬೆನ್ನು ನನಗೆ ಕಾಣುತ್ತಿದೆ. ನಾನೇ ಅವಳಾಗಿದ್ದರೆ ನನ್ನ ಬೆನ್ನು ನನಗೆ ಕಾಣುವುದು ಹೇಗೆ?

ಪೂಜೆಯಾದ ಮೂರನೆಯ ದಿನವೋ ನಾಲ್ಕನೆಯ ದಿನವೋ ಅಪ್ಪ ನಾಗಮಂಗಲಕ್ಕೆ ಹೋಗಿ ಬಂದು, ಹಿಂದೆ ನೀಲಿ ಹೊಗೆ ಬರುತ್ತಿದೆ ಎಂದ. ಚಿಕ್ಕಪ್ಪ ಬಾನೆಟ್ಟು ಎತ್ತಿದ. ಇಂಜಿನ್ನು ಗಾಳಿ ಎಳೆದುಕೊಳ್ಳುವ ಕಾರ್ಬೊರೇಟರಿನ ಬಾಯಿಯ ಸುತ್ತ ಕಪ್ಪು ಜಿಡ್ಡು ಬೆವರಿನ ಹಾಗೆ ಕೂತಿತ್ತು. ಒರೆಸಿದ. ಮಾರನೆಯ ದಿನ ನೋಡಿದರೆ ಮತ್ತೆ ಇತ್ತು. ಬೆರಳಲ್ಲಿ ತಿಕ್ಕಿದ, ಮೂಸಿದ. “ಒಂದಾಳೆ ತಾರವ್ವ” ಎಂದ. ನಾನು ಪುಸ್ತಕ ಹಿಡಿದೆ. ಹೆಬ್ಬೆಟ್ಟು ಒತ್ತಿ ಎತ್ತಿದ. ಕಪ್ಪು. ಗಾಳಿ ಬಟ್ಟಲು ತೆಗೆದು ನೋಡಿದ. ಎಣ್ಣೆ ಗೆರೆಯ ಹತ್ತಿರ, ಅವನು ಹಾಕಿದಷ್ಟೇ ಇತ್ತು. ಹೆಚ್ಚಾಗಿದ್ದದ್ದನ್ನು ಇಂಜಿನ್ನು ಅಷ್ಟು ದಿನದಲ್ಲಿ ಎಳೆದುಕೊಂಡು ಮುಗಿಸಿರಬೇಕು. ಆದರೆ ಬಟ್ಟಲಲ್ಲೂ ಎಣ್ಣೆ ಕಪ್ಪಗಿತ್ತು. ಇಂಜಿನ್ನಿನಿಂದ ಈ ಡಬ್ಬಿಗೆ ಒಂದು ಉಸಿರು ಕೊಳವೆ ಬರುತ್ತದೆ. ಪಿಸ್ಟನ್ನಿನ ರಿಂಗುಗಳು ಸವೆದರೆ ಒಳಗಿನ ಎಣ್ಣೆ ಆವಿಯಾಗಿ ಆ ಕೊಳವೆ ಹಿಡಿದು ಇಲ್ಲಿಗೆ ಬರುತ್ತದೆ. ರಿಂಗು ಸವೆದ ಇಂಜಿನ್ನಿನಲ್ಲಿ ಹೊಸ ಎಣ್ಣೆಯೂ ಎರಡೇ ದಿನಕ್ಕೆ ಕಪ್ಪಾಗುತ್ತದೆ. ಎಲ್ಲವೂ ಹೊಂದಿತು. ಆದರೂ ಅವನು ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನ ಕಡೆ ತಿರುಗಿ, “ಇದ್ರ ಮುಚ್ಚಳ ಯಾರಾರ ತೆಗ್ದಿದ್ರಾ ಮಗ? ಆ ಪಕ್ಕದ್ಮನೆ ಕರಿಯಪ್ಪನ ಮಕ್ಳು ಗಿಕ್ಳು ಬಂದಿದ್ರಾ?” ಎಂದು ಕೇಳಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಹೆದರಿ ಸುಳ್ಳು ಹೇಳಿದೆನೋ, ಪೂಜೆಯ ದಿನ ಮಾಡಿದ್ದು ದೇವರ ಕೆಲಸ, ಅವನು ಕೇಳುತ್ತಿರುವುದು ಪುಂಡ ಹುಡುಗರ ಚೇಷ್ಟೆ ಎಂದುಕೊಂಡೆನೋ, ತಿಳಿಯದು. ತಲೆಯಾಡಿಸಿದ್ದು ನಿಜವಿರಬೇಕು, ಆಗ ಜಡೆಯ ರಿಬ್ಬನ್ನು ಕತ್ತಿಗೆ ತಾಗಿದ್ದು ನೆನಪಿದೆ. ಅದು ಹೊರಗಿನಿಂದ ಕಂಡದ್ದಲ್ಲ.

“ಇನ್ನೊಂದು ನಾಕು ದಿನ ಓಡ್ಸಿ ನೋಡವಾ ಅಣ್ಣಯ್ಯ. ತೊಳ್ದು ಮಡಗ್ತೀನಿ, ಮತ್ತೆ ಬತ್ತದಾ ನೋಡಿ ಯೋಳ್ತೀನಿ” ಎಂದ ಚಿಕ್ಕಪ್ಪ. ಕಾರ್ತೀಕದ ಲಗ್ನಗಳಿಗೆ ಕಾರು ಒಪ್ಪಿಕೊಂಡಾಗಿತ್ತು. ಅಪ್ಪನಿಗೆ ತಾಳ್ಮೆಯಿರಲಿಲ್ಲ. “ನಾಕು ದಿನ ಯಾತುಕ್ಲಾ? ಅಷ್ಟು ದಿಸ ನೋಡಿ ಯೋಳಾಕೆ ನೀನೇ ಬೇಕಾ? ಸಂತೇಲಿ ಸೌತೆಕಾಯಿ ಮಾರೋನೂ ಯೋಳ್ತಾನೆ. ಈಗ ಯೋಳ್ಲಾ, ರಿಂಗು ಓಗದೋ ಇಲ್ವೋ?” ಎಂದು ನಗುತ್ತಲೇ ಕೆಣಕಿದ. ಅಂಗಳದಲ್ಲಿ ಇನ್ನೂ ಇಬ್ಬರು ಮೂವರು ಇದ್ದರು, ಅವರೂ ನಕ್ಕರು. ಚಿಕ್ಕಪ್ಪ ಬೀಡಿಯನ್ನು ನೆಲಕ್ಕೆ ಹಾಕಿ ತುಳಿದು, “ಓಗದೆ. ಇಂಜಿನ್ ಕೆಲ್ಸಕ್ಕೆ ಬಂದದೆ. ಬಿಚ್ಚಲೇಬೇಕು” ಎಂದ. ಬಿಚ್ಚದೆ ಹೇಳುವವನು ಹೇಳಿದ ಮೇಲೆ ಅದು ಹೇಳಿದಂತೆಯೇ.

ಬಿಚ್ಚಿದ ದಿನ ಶಾಲೆಗೆ ರಜೆಯಿತ್ತು. ಗೋಣಿಚೀಲದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದ ಭಾಗಗಳು ಸಾಲಾಗಿ ಒಣಗುತ್ತಿದ್ದವು. ಚಿಕ್ಕಪ್ಪ ಒಂದು ರಿಂಗನ್ನು ಪಿಸ್ಟನ್ನು ಓಡಾಡುವ ಕೊಳವೆಯೊಳಗೆ ಇಟ್ಟು, ಅದರ ಎರಡು ತುದಿಗಳ ನಡುವಿನ ಸಂದಿಗೆ ತೆಳು ತಗಡು ತೂರಿಸಿ ಸವೆತ ಅಳೆದ. ತೆಗೆದು ಒರೆಸಿ ಮತ್ತೆ ಅಳೆದ. ಆಮೇಲೆ ರಿಂಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದರ ಮೂಲಕ ಹೊಂಗೆಮರವನ್ನು ನೋಡುತ್ತಾ ಕೂತ. ಅಪ್ಪ ಬಂದು “ಎಂಗದೆ?” ಎಂದಾಗ “ಸವೆದದೆ” ಎಂದ. ಎಷ್ಟು ಎಂದು ಅಪ್ಪ ಕೇಳಲಿಲ್ಲ. ಆ ಹೊತ್ತಿಗೇ ರಿಂಗು ಅಷ್ಟೇನೂ ಸವೆದಿಲ್ಲದ್ದು, ತನ್ನ ಮಾತು ತಪ್ಪಿದ್ದು ಚಿಕ್ಕಪ್ಪನಿಗೆ ತಿಳಿದಿತ್ತು ಎಂದು ಈಗ ನಾನು ಅಂದುಕೊಳ್ಳುತ್ತೇನೆ. ಹಳೆಯ ರಿಂಗುಗಳನ್ನೇ ಮತ್ತೆ ಕೂರಿಸಿ ಸುಮ್ಮನಾಗಬಹುದಿತ್ತು. ಆದರೆ ಪಿಸ್ಟನ್ನಿಂದ ಬಿಡಿಸುವಾಗಲೇ ಒಂದು ರಿಂಗು ಕಟಕ್ಕೆಂದು ಮುರಿದಿತ್ತು. ಅಂಥ ಕಾರಿನ ರಿಂಗು ಮೈಸೂರಿನಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬೇರೆ ಯಾವುದೋ ಗಾಡಿಯದನ್ನು ತಂದು, ಶೆಡ್ಡಿನ ಜಗಲಿಯ ಮೇಲೆ ಕೂತು ಎರಡು ದಿನ ಅರದಿಂದ ಉಜ್ಜಿ ಉಜ್ಜಿ ಹೊಂದಿಸಿದ. ಆ ಉಜ್ಜುವ ಸದ್ದಿಗೆ ನನ್ನ ಹಲ್ಲು ಜುಂ ಎನ್ನುತ್ತಿತ್ತು. ಈಗಲೂ ಯಾರಾದರೂ ಉಗುರು ಅರ ಹಿಡಿದರೆ ನಾನು ಕೋಣೆ ಬಿಟ್ಟು ಹೋಗುತ್ತೇನೆ.

ಮೊದಲ ಲಗ್ನ ಮೇಲುಕೋಟೆಯಲ್ಲಿತ್ತು, ಹೆಣ್ಣಿನವರು ಕೆ.ಆರ್. ಪೇಟೆ ಕಡೆಯವರು. ಆ ಸಲ ಚಿಕ್ಕಪ್ಪನೂ ಮುಂದಿನ ಸೀಟಿನಲ್ಲಿ ಕೂತ. ಹಿಂದೆಂದೂ ಹೀಗೆ ಜೊತೆಗೆ ಹೋದವನಲ್ಲ. ನಾನು, ಅವ್ವ ಹಿಂದೆ ಬರುತ್ತಿದ್ದ ಟ್ರಾಕ್ಟರಿನಲ್ಲಿ ಪಾತ್ರೆಗಳ ನಡುವೆ ಇದ್ದೆವು. ಬೆಟ್ಟದ ಏರಿನಲ್ಲಿ, ಎರಡನೆಯ ತಿರುವಿಗೆ ಸ್ವಲ್ಪ ಹಿಂದೆ, ದೊರೆಸಾನಿ ಒಂದು ಸಲ ನರಳಿ ನಿಂತುಬಿಟ್ಟಳು. ಉಜ್ಜಿ ಹೊಂದಿಸಿದ ರಿಂಗು ಬಿಸಿಗೆ ಬಿಗಿದು ಇಂಜಿನ್ನು ಕಚ್ಚಿಕೊಂಡಿತ್ತು. ಮದುವಣಗಿತ್ತಿ ಸೀರೆಯ ನೆರಿಗೆ ಎತ್ತಿ ಹಿಡಿದು ಬಿಸಿಲಲ್ಲಿ ರಸ್ತೆಗೆ ಇಳಿದಳು. “ಲೇ, ಹೆಣ್ಣು ಓಗ್ತಾವ್ಳೆ ಅಂತ ದೊರೆಸಾನಿಗೇ ದುಕ್ಕ ಬಂದ್ಬುಡ್ತು ಕಣ್ಲಾ!” ಎಂದು ಯಾರೋ ಕೂಗಿದರು. ದಿಬ್ಬಣದವರೆಲ್ಲ ನಕ್ಕರು, ಹೆಣ್ಣೂ ನಕ್ಕಳು. ಅವಳನ್ನು ನಮ್ಮ ಟ್ರಾಕ್ಟರಿಗೆ ಹತ್ತಿಸಿದೆವು. ಅನ್ನದ ಕೊಪ್ಪರಿಗೆಗೆ ಒರಗಿ, ಬಾಸಿಂಗವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಗದೆ ಇದ್ದವರು ಇಬ್ಬರೇ. ಅಪ್ಪ ಬಾನೆಟ್ಟಿನ ಮೇಲೆ ಕೈಯೂರಿ, ತಮ್ಮನ ಕಡೆ ನೋಡದೆಯೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಚೆನ್ನಾಗಿದ್ದ ಇಂಜಿನ್ನ ಬಿಚ್ಚಿ ಸಾಯ್ಸಿಬುಟ್ಟೆ ಕಣ್ಲಾ. ನಿನ್ ಕೈಗೆ ಕೊಡ್ಬಾರ್ದಾಗಿತ್ತು.” ಚಿಕ್ಕಪ್ಪ ಚಕ್ರಕ್ಕೆ ಕಲ್ಲು ಕೊಟ್ಟ. ನಾಲ್ಕು ದಿನ ಕೇಳಿದ್ದೆ ಎಂದು ಅವನು ಅನ್ನಬಹುದಿತ್ತು.

ಆಮೇಲೆ ನಡೆದದ್ದಕ್ಕೆ ಬಹಳ ಮಾತು ಬೇಡ. ಸ್ಪ್ಯಾನರುಗಳನ್ನು ಅವನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದ. ಕಟ್ಟಲಿಲ್ಲ, ದಬ್ಬಳದಿಂದ ಹೊಲಿದ. ಜನ ಟ್ರಾಕ್ಟರು ತಂದು ಅಂಗಳದಲ್ಲಿ ನಿಲ್ಲಿಸಿ ಕರೆದರೆ “ನನ್ ಕೈ ಓಗದೆ, ಬೇರೆ ಕಡೆ ತೋರ್ಸಿ” ಎನ್ನುತ್ತಿದ್ದ. ಯುಗಾದಿಯ ಹೊತ್ತಿಗೆ ಮನೆ ಬಿಟ್ಟು ಕೆ.ಆರ್. ಪೇಟೆಗೆ ಹೋದ. ದೊರೆಸಾನಿ ಹೊಂಗೆಮರದ ಕೆಳಗೆ ನಿಂತಲ್ಲೇ ನಿಂತಳು. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆ ಇಟ್ಟವು, ಬಳ್ಳಿಯೊಂದು ಕಿಟಕಿಯಿಂದ ಒಳಹೊಕ್ಕು ಸ್ಟೇರಿಂಗು ಸುತ್ತಿತು. ಅಜ್ಜಿ ತೀರಿಕೊಂಡಳು. ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ ಕಾರನ್ನು ಗುಜರಿಯವರು ಕತ್ತರಿಸಿ ಒಯ್ದರಂತೆ. ಮುಂದೆ ರಸ್ತೆ ಅಗಲವಾಗಿ ಅಂಗಳ, ಶೆಡ್ಡು, ಮುಂಭಾಗದ ಪಡಸಾಲೆ ಎಲ್ಲ ಹೋಯಿತು. ಅಲ್ಲೀಗ ಟೈರಿನ ಅಂಗಡಿಯಿದೆ. ನಿಮ್ಮ ಬಾಲ್ಯದ ಜಗಲಿಯ ಮೇಲೂ ಈಗ ಯಾವುದೋ ಬಸ್ಸು ಹಾಯುತ್ತಿರಬಹುದು. ಅಂಥ ಕಡೆ ಕಣ್ಣು ಬೇರೆಡೆ ತಿರುಗುವುದು ಹೇಗೆಂದು ನಿಮಗೆ ನಾನು ಹೇಳಬೇಕಿಲ್ಲ.

ಪಿ.ಯು.ಸಿ. ಓದುತ್ತಿದ್ದಾಗ ಒಮ್ಮೆ ಕೆ.ಆರ್. ಪೇಟೆಯಲ್ಲಿ ಚಿಕ್ಕಪ್ಪನನ್ನು ಕಂಡೆ. ಕಲ್ಯಾಣಮಂಟಪವೊಂದರ ಗೇಟು ಕಾಯುವ ಕೆಲಸ. ಖಾಕಿ ಅಂಗಿ ಶುಭ್ರವಾಗಿತ್ತು, ಉಗುರುಗಳು ಬೆಳ್ಳಗಿದ್ದವು. ಅವನಿಂದ ಸೋಪಿನ ವಾಸನೆ ಬಂತು. “ಏನ್ ಮೇಡಮ್ಮು, ಎಷ್ಟು ಉದ್ದ ಆಗ್ಬುಟ್ಟೆ!” ಎಂದು ಕುರ್ಚಿ ಬಿಟ್ಟುಕೊಟ್ಟ. ನಾವು ಮಾತನಾಡುತ್ತಿದ್ದಾಗ ಮದುವೆಗೆ ಬಂದ ಕಾರೊಂದು ಗೇಟಿನ ಬಳಿಯೇ ಕೆಟ್ಟು ನಿಂತಿತು. ಡ್ರೈವರು ಕೀಲಿ ತಿರುಗಿಸಿ ತಿರುಗಿಸಿ ಸೋತ. ಚಿಕ್ಕಪ್ಪ ಆ ಸದ್ದು ಕೇಳುತ್ತಾ ತಲೆಯನ್ನು ಒಂದು ಕಡೆ ವಾಲಿಸಿದ. ಅವನಿಗೆ ಕಾಯಿಲೆ ಗೊತ್ತಾಯಿತು, ಮುಖದಲ್ಲಿ ನನಗೆ ಕಂಡಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡು, ಕಾರನ್ನು ತಳ್ಳಿ ದಾರಿ ಬಿಡಿಸುವಂತೆ ಡ್ರೈವರಿಗೆ ಹೇಳಿದ, ಅಷ್ಟೆ. ಎರಡು ವರ್ಷಕ್ಕೆ ಅವನು ಅಲ್ಲಿಯೇ ಹೋಗಿಬಿಟ್ಟ. ಅಪ್ಪ ಮಣ್ಣಿಗೆ ಬಂದ, ಮುಖ ನೋಡಿದ, ಬಸ್ಸು ಹತ್ತಿದ. ಈಗ ಅಪ್ಪನೂ ಇಲ್ಲ.

ಶ್ರೀರಂಗಪಟ್ಟಣದ ಛತ್ರದ ಮುಂದೆ ನಾನು ಆ ಮೆಕ್ಯಾನಿಕ್ಕನನ್ನು ಏನಾಗಿದೆ ಎಂದು ಕೇಳಿದೆ. “ಏನಿಲ್ಲ ಕಣಕ್ಕ. ಯಾರೋ ಪುಣ್ಯಾತ್ಮರು ಈ ಬಟ್ಲಿಗೆ ಕಂಠಮಟ್ಟ ಹುಯ್ದವ್ರೆ. ಗಾಳಿ ಜತೆ ಎಣ್ಣೆನೂ ಎಳ್ಕತಾ ಅದೆ. ವಸಿ ತೆಗುದ್ರೆ ಸರೋಯ್ತದೆ” ಎಂದು ನಕ್ಕ. ಕಂಠಮಟ್ಟ. ಅಜ್ಜಿಯ ಮಾತು ಅವನ ಬಾಯಲ್ಲಿ ಕೇಳಿದ ಕ್ಷಣ ಹಸಿರು ಲಂಗದ ಹುಡುಗಿ ಮುಕ್ಕಾಲಿ ಹತ್ತಿದಳು. ಅದಕ್ಕೆ ಮುಂಚೆ, ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವಳು ನನಗೆ ಕಂಡಿರಲಿಲ್ಲ. ಎಣ್ಣೆ ಕಪ್ಪಗಿದ್ದರೆ ಏನರ್ಥ ಎಂದು ಕೇಳಿದೆ. “ಒಳಗಿಂದು ಅಂತ. ಇಲ್ಲಾಂದ್ರೆ ಹಳೇ ಎಣ್ಣೆ ಹುಯ್ದವ್ರೆ ಅಂತ. ಕಣ್ಣಲ್ಲಿ ನೋಡಿ ಯೋಳಕಾಗಾಕಿಲ್ಲ. ಬಟ್ಲು ತೊಳ್ದು ನಾಕು ದಿನ ಓಡ್ಸಿ ನೋಡ್ಬೇಕು.” ನಾಲ್ಕು ದಿನ. ಚಿಕ್ಕಪ್ಪ ಅವತ್ತು ಅಣ್ಣನನ್ನು ನಾಲ್ಕು ದಿನ ಕೇಳಿದ ಎಂದು ಮೇಲೆ ಬರೆದಿದ್ದೇನೆ. ಅವನು ನಿಜವಾಗಿ ಕೇಳಿದ್ದನೋ, ಈ ಹುಡುಗನ ಮಾತನ್ನು ಅವನ ಬಾಯಿಗೆ ನಾನೇ ಇಟ್ಟೆನೋ? ಹೊಡೆದುಹಾಕೋಣವೆಂದು ಎರಡು ಸಲ ಪೆನ್ನು ಎತ್ತಿದೆ. ಆಗಲಿಲ್ಲ. ಮನೆಗೆ ಬಂದು ಅವ್ವನನ್ನು ಕೇಳಿದರೆ, ಅವಳು ಅವರೆಕಾಳು ಬಿಡಿಸುತ್ತಲೇ, “ನೀನೆಲ್ಲಿ ಹುಯ್ದೆ? ಆ ವರ್ಸ ನಿಂಗೆ ಅಮ್ಮ ಎದ್ದಿತ್ತಲ್ಲ, ಚಾಪೆ ಬುಟ್ಟು ಏಳ್ನೇ ಇಲ್ಲ” ಎಂದಳು. ಸೀತಾಳೆ ಸಿಡುಬು ಎದ್ದದ್ದು ಮರುವರ್ಷ ಎಂದು ನನ್ನ ಲೆಕ್ಕ. ಅವಳಿಗೆ ಮರೆತಿದೆಯೋ, ನನ್ನ ಮುಖ ನೋಡಿ ಹಾಗೆಂದಳೋ, ಕೇಳಲು ಧೈರ್ಯ ಬರಲಿಲ್ಲ.

ಆ ಪುಸ್ತಕ ನನ್ನ ಹತ್ತಿರ ಇದೆ. ಐದನೆಯ ತರಗತಿಯ ಕನ್ನಡ ನೋಟ್‌ಬುಕ್ಕು. ದಿನಚರಿ ಬರೆಯುವ ಅಭ್ಯಾಸವನ್ನೂ ಅದರ ಹಿಂದಿನ ಹಾಳೆಗಳಲ್ಲೇ ಶುರುಮಾಡಿದ್ದೆ. ಆಯುಧಪೂಜೆಯ ದಿನಕ್ಕೆ ‘ಹಬ್ಬ. ಪಾಯಸ. ಅಪ್ಪ ಕುಂಬಳಕಾಯಿ ಒಡೆದರು’ ಎಂದಷ್ಟೇ ಇದೆ. ಎಣ್ಣೆಯ ಮಾತಿಲ್ಲ, ಸಿಡುಬಿನ ಮಾತೂ ಇಲ್ಲ. ಮುಂದಿನ ಹಾಳೆಯಲ್ಲಿ ಚಿಕ್ಕಪ್ಪನ ಹೆಬ್ಬೆಟ್ಟು. ಎಣ್ಣೆ ಹರಡಿ ಹರಡಿ ಸುತ್ತ ಅಂಗೈಯಗಲದ ಕಲೆಯಾಗಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಹಿಂಬದಿಯ ಅಕ್ಷರಗಳು ಎಡಬಲ ತಿರುಗಿ ತೋರುತ್ತವೆ. ನಡುವೆ ಕಪ್ಪು. ಒಳಗಿನ ಎಣ್ಣೆಯಾದರೂ ಕಪ್ಪು, ನನ್ನ ಗಿಂಡಿಯದಾದರೂ ಕಪ್ಪು. ಬೆರಳಿನ ಗೆರೆಗಳು ಮಾತ್ರ ಒಂದೊಂದೂ ಬಿಡಿಬಿಡಿಯಾಗಿ, ನಿನ್ನೆ ಒತ್ತಿದಂತಿವೆ. ಪಕ್ಕದಲ್ಲಿ ಮೇಷ್ಟರು ಕೆಂಪು ಶಾಯಿಯಲ್ಲಿ ‘ಪುಸ್ತಕ ಶುಚಿಯಾಗಿಡು’ ಎಂದು ಬರೆದಿದ್ದಾರೆ. ಇವತ್ತು ಬೆಳಿಗ್ಗೆ ಅದನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಮೂಸಿದೆ. ಹಳೆಯ ಕಾಗದದ ವಾಸನೆ ಬಿಟ್ಟರೆ ಏನೂ ಉಳಿದಿಲ್ಲ.